ಕ್ಲೇಮಾ, ಕ್ರಿಮಿನಲ್ಲಾ? ಮುಂಬೈಯಲ್ಲಿ ವಕೀಲಿ ಶುರು ಮಾಡುವವರಿಗೆ

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ಫೋನ್ ಮಾಡಿದರು. ಒಬ್ಬಳು ಮುಲುಂಡಿನ ಹುಡುಗಿ, ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಕೈಗೆ ಬಂದು ಎರಡು ತಿಂಗಳಾಗಿದೆ. ಇನ್ನೊಬ್ಬ ಕುಂದಾಪುರ ಕಡೆಯವನು. ಫೋರ್ಟಿನ ಹೋಟೆಲೊಂದರಲ್ಲಿ ಸಂಜೆ ಕೌಂಟರಿನಲ್ಲಿ ಕೂರುತ್ತಾನೆ, ಬೆಳಗಿನ ಕ್ಲಾಸಿಗೆ ಹೋಗಿ ಎಲ್‌ಎಲ್‌ಬಿ ಮುಗಿಸಿದ್ದಾನೆ. ಇಬ್ಬರದ್ದೂ ಒಂದೇ ಪ್ರಶ್ನೆ. "ಅಣ್ಣಾ, ಕೋರ್ಟಿನಲ್ಲಿ ನಿಂತು ಸಾಕ್ಷಿಗಳನ್ನು ಕೇಳುವ ಕೆಲಸವೇ ಬೇಕು. ಆಕ್ಸಿಡೆಂಟ್ ಕ್ಲೇಮ್ ಹಿಡಿಯುವುದಾ, ಕ್ರಿಮಿನಲ್ ಹಿಡಿಯುವುದಾ?"

ಫೋನಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಮಾತಲ್ಲ ಇದು, ಹಾಗಾಗಿ ಬರೆಯುತ್ತಿದ್ದೇನೆ. ನಾನು ಮೊದಲ ಆರು ವರ್ಷ ಕ್ರಿಮಿನಲ್ ಸೀನಿಯರ್ ಒಬ್ಬರ ಹತ್ತಿರ ಇದ್ದೆ, ಆಮೇಲೆ ಕ್ಲೇಮ್, ಅಂದರೆ ಅಪಘಾತದ ಪರಿಹಾರದ ಕೇಸು, ಹಿಡಿದೆ, ಈಗ ಎರಡೂ ಇದೆ. ಊರಿಂದ ಬಂದು, ಮನೆಯಲ್ಲಿ ವಕೀಲರು ಯಾರೂ ಇಲ್ಲದೆ ಶುರು ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಅಪ್ಪನ ಚೇಂಬರ್ ಇರುವವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಮೊದಲು ಏನೇನು ನೋಡಿಕೊಳ್ಳಬೇಕು

ಎಲ್ಲಕ್ಕಿಂತ ದೊಡ್ಡದು, ನಿಮ್ಮ ಮನೆ ಎಷ್ಟು ದಿನ ಕಾಯಬಲ್ಲದು ಎನ್ನುವುದು. ಬಾಡಿಗೆ ಯಾರು ಕಟ್ಟುತ್ತಾರೆ, ಊರಿಗೆ ದುಡ್ಡು ಕಳಿಸಬೇಕಾ, ತಂಗಿಯ ಮದುವೆ ಇದೆಯಾ? ಸನದಿನ ಖರ್ಚು ಈಗ ಮೊದಲಿನಷ್ಟಿಲ್ಲ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೋಂದಣಿ ಫೀಸು ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದಿತು. ಖರ್ಚು ಇರುವುದು ಅದರ ನಂತರದ ಮೂರು ವರ್ಷದಲ್ಲಿ. ನನ್ನ ಸೀನಿಯರ್ ಒಳ್ಳೆಯವರು, ಆದರೂ ಅವರು ಕೊಡುತ್ತಿದ್ದದ್ದು ಲೋಕಲ್ ಪಾಸಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು, ಅಷ್ಟೇ.

ಎರಡನೆಯದು ಮರಾಠಿ. ಮಾತಾಡಲು ಬರುತ್ತದೆ ಅನ್ನುವುದು ಸಾಕಾಗುವುದಿಲ್ಲ. ಪೊಲೀಸರ ಪಂಚನಾಮೆ, ಸಾಕ್ಷಿಗಳ ಜವಾಬು ಎಲ್ಲ ಮರಾಠಿಯಲ್ಲಿರುತ್ತದೆ, ಕೆಲವೊಮ್ಮೆ ಅವಸರದಲ್ಲಿ ಗೀಚಿದ ಕೈಬರಹದಲ್ಲಿ. ಅದನ್ನು ನೀವೇ ಓದಬೇಕು. ಇನ್ನೊಬ್ಬರಿಂದ ಓದಿಸಿಕೊಂಡರೆ ಅವರಿಗೆ ಕಂಡದ್ದು ಮಾತ್ರ ನಿಮಗೆ ಸಿಗುತ್ತದೆ. ಮೂರನೆಯದು ನಿಮ್ಮ ಸಮಯ ಯಾರ ಕೈಯಲ್ಲಿರುತ್ತದೆ ಎನ್ನುವುದು. ನಾಲ್ಕನೆಯದು ಮನಸ್ಸಿನ ಗಟ್ಟಿತನ, ಅದನ್ನು ಆಮೇಲೆ ಹೇಳುತ್ತೇನೆ.

ಅಮೆರಿಕದ ಕಥೆಯನ್ನು ತಲೆಯಿಂದ ತೆಗೆಯಿರಿ

ಅಲ್ಲಿನ ವಕೀಲರು ಗಾಯದ ಕೇಸು ಹಿಡಿದು ಕೋಟಿ ಕೋಟಿ ಮಾಡುವುದನ್ನು ನೋಡಿ ಇಲ್ಲೂ ಹಾಗೇ ಅಂದುಕೊಂಡು ಬರುವವರಿದ್ದಾರೆ. ಅಲ್ಲಿ ಗೆದ್ದರೆ ಮಾತ್ರ ಫೀಸು, ಅದೂ ಬಂದ ಹಣದಲ್ಲಿ ಪಾಲು, ಸಾಮಾನ್ಯವಾಗಿ ಮೂರರಲ್ಲೊಂದು ಭಾಗದ ಹತ್ತಿರ. ಪರಿಹಾರ ಎಷ್ಟೆಂದು ಹೇಳುವುದು ಜ್ಯೂರಿ. ನಮ್ಮಲ್ಲಿ ಜ್ಯೂರಿ ಯಾವತ್ತೋ ಹೋಯಿತು. ಪಾಲು ತೆಗೆದುಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸುತ್ತದೆ. ಪರ್ಸೆಂಟ್ ಲೆಕ್ಕದ ಫೀಸು ವೃತ್ತಿಗೆ ಸಲ್ಲದ ನಡತೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಇನ್ನೊಮ್ಮೆ ಹೇಳಿದೆ. ಜಾಹೀರಾತು ಕೊಡುವ ಹಾಗಿಲ್ಲ, ಆಸ್ಪತ್ರೆ ಬಾಗಿಲಲ್ಲಿ ನಿಂತು ಕೇಸು ಕೇಳುವ ಹಾಗೂ ಇಲ್ಲ.

ಹಾಗಿದ್ದರೂ ಪರ್ಸೆಂಟ್ ಕೇಳುವವರು ಸಿಗುತ್ತಾರೆ. "ಎಲ್ಲರೂ ಮಾಡುತ್ತಾರೆ" ಎಂದು ನಿಮ್ಮನ್ನೂ ಒಪ್ಪಿಸಲು ನೋಡುತ್ತಾರೆ. ಒಪ್ಪಬೇಡಿ. ಕಾರಣ ನಿಯಮ ಒಂದೇ ಅಲ್ಲ. ಆ ದುಡ್ಡು ಗಂಡನನ್ನು ಕಳೆದುಕೊಂಡವಳು ಮಕ್ಕಳ ಶಾಲೆಗೆ ಎಂದು ಎದುರು ನೋಡುತ್ತಿರುವ ದುಡ್ಡು. ಇಷ್ಟು ಎಂದು ಮೊದಲೇ ಹೇಳಿ, ಬರೆದುಕೊಡಿ, ಕಂತಿನಲ್ಲಿ ತೆಗೆದುಕೊಳ್ಳಿ.

ಕ್ಲೇಮ್ ಕೆಲಸ ಹೇಗಿರುತ್ತದೆ

ರಸ್ತೆ ಅಪಘಾತದ ಪರಿಹಾರದ ಅರ್ಜಿ 1988ರ ಮೋಟಾರು ವಾಹನ ಕಾಯಿದೆಯ ಸೆಕ್ಷನ್ 166ರ ಕೆಳಗೆ ಇಂಥ ಕೇಸುಗಳಿಗೆಂದೇ ಇರುವ ನ್ಯಾಯಮಂಡಳಿ, ಅಂದರೆ ಟ್ರಿಬ್ಯೂನಲ್‌ಗೆ ಹೋಗುತ್ತದೆ. ಇದು ಲೆಕ್ಕದ ಕೆಲಸ, ಗುಮಾಸ್ತನೂ ಮಾಡಬಹುದು ಎಂದು ಸುಮ್ನೆ ಮಾತಾಡುವವರಿದ್ದಾರೆ. ಲೆಕ್ಕ ನಿಜ. ಆದರೆ ಆ ಲೆಕ್ಕದೊಳಗೆ ಏನಿದೆ ಎಂದು ಒಂದು ಸಲ ಕೂತು ನೋಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೋಟೆಲಿನ ಸೂಪರ್‌ವೈಸರ್, 32 ವರ್ಷ. ಹೈವೇ ದಾಟುವಾಗ ಟೆಂಪೊ ಹೊಡೆದು ತೀರಿಕೊಂಡ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ಪಗಾರ 20,000. ವರ್ಷಕ್ಕೆ 2,40,000. ಕಾಯಂ ನೌಕರಿ ಅಲ್ಲದ, 40 ದಾಟದ ಮನುಷ್ಯನಿಗೆ ಮುಂದೆ ಹೆಚ್ಚಬಹುದಾಗಿದ್ದ ಆದಾಯ ಎಂದು ಶೇಕಡಾ 40 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಹೇಳಿತು. ಸೇರಿಸಿದರೆ 3,36,000. ಅವಲಂಬಿತರು ನಾಲ್ವರು, ಆದ್ದರಿಂದ ಅವನ ಸ್ವಂತ ಖರ್ಚೆಂದು ನಾಲ್ಕರಲ್ಲೊಂದು ಭಾಗ ಕಳೆಯಬೇಕು. ಉಳಿಯುವುದು 2,52,000. ಇದನ್ನು ವಯಸ್ಸಿನ ಪ್ರಕಾರದ ಗುಣಕದಿಂದ ಗುಣಿಸಬೇಕು, 31ರಿಂದ 35ರ ವಯಸ್ಸಿಗೆ ಅದು 16, ಅದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ಒಟ್ಟು 40,32,000. ಇದರ ಮೇಲೆ ಅಂತ್ಯಕ್ರಿಯೆ ಖರ್ಚು, ಸಂಗಾತಿ ಹೋದದ್ದಕ್ಕೆ ಎಂದು ಇನ್ನಷ್ಟು ಬರುತ್ತದೆ.

ಈಗ ನಿಜವಾದ ಕಷ್ಟ ನೋಡಿ. ಆ ಹುಡುಗನ ಪಗಾರದಲ್ಲಿ ಕಾಗದದ ಮೇಲೆ ಇರುವುದು 12,000 ಮಾತ್ರ, ಉಳಿದದ್ದು ಕೈಯಲ್ಲಿ ಸಿಗುತ್ತಿತ್ತು. ಟ್ರಿಬ್ಯೂನಲ್ 12,000 ಅಷ್ಟೇ ನಂಬಿದರೆ ಅದೇ ಲೆಕ್ಕ 24,19,200ಕ್ಕೆ ನಿಲ್ಲುತ್ತದೆ. ಹದಿನಾರು ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ. ಆ ಹದಿನಾರು ಲಕ್ಷ ಇರುವುದು ಹೋಟೆಲಿನ ಕೌಂಟರಿನ ಹಿಂದೆ ಇಡುವ ಉದ್ದ ಪುಸ್ತಕದಲ್ಲಿ, ಊರಿಗೆ ಪ್ರತಿ ತಿಂಗಳು ಕಳಿಸಿದ ಹಣದ ಬ್ಯಾಂಕ್ ಪಾಸ್‌ಬುಕ್‌ನಲ್ಲಿ, ಮತ್ತು ಮಾಲೀಕನನ್ನು ಸಾಕ್ಷಿಕಟ್ಟೆಗೆ ಕರೆತರುವ ನಿಮ್ಮ ತಾಳ್ಮೆಯಲ್ಲಿ. ಮಾಲೀಕ ಬರಲು ಹೆದರುತ್ತಾನೆ, ತನ್ನ ಲೆಕ್ಕ ಹೊರಗೆ ಬೀಳುತ್ತದೆ ಎಂದು. ಅವನ ಹತ್ತಿರ ಕನ್ನಡದಲ್ಲೋ ತುಳುವಿನಲ್ಲೋ ಕೂತು ಮಾತಾಡಬಲ್ಲ ವಕೀಲನಿಗೆ ಇಲ್ಲಿ ಇರುವ ಬೆಲೆ ದೊಡ್ಡದು.

ಗಾಯದ ಕೇಸಿನಲ್ಲಿ ಸಾಕ್ಷಿ ಕೇಳುವ ಕೆಲಸ ಇನ್ನೂ ಜಾಸ್ತಿ. ನನ್ನ ಕೈಯಲ್ಲಿದ್ದ ಒಂದು ಕೇಸಿನಲ್ಲಿ ಕಕ್ಷಿದಾರರು ದೋಸೆ ಹೊಯ್ಯುವವರು, ಬಲಗೈ ಮಣಿಕಟ್ಟು ಮುರಿದು ಸರಿಯಾಗಿ ಕೂಡಲಿಲ್ಲ. ಡಾಕ್ಟರ ಸರ್ಟಿಫಿಕೇಟಿನಲ್ಲಿ ಶೇಕಡಾ 20 ಊನ ಎಂದಿತ್ತು. ಇನ್ಶೂರೆನ್ಸ್ ಕಡೆಯವರು 20 ಅಂದರೆ 20 ಎಂದು ಹಠ ಹಿಡಿದರು. ಆದರೆ ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ, ಅದು 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನ ಮುಖ್ಯ ಮಾತು. ಡಾಕ್ಟರು ಸಾಕ್ಷಿಕಟ್ಟೆಯಲ್ಲಿ ನಿಂತಾಗ ನಾನು ಒಂದು ಸೌಟು ತಂದಿದ್ದೆ. ಅದನ್ನು ತೋರಿಸಿ, ಕಾವಲಿಯ ಮೇಲೆ ಹಿಟ್ಟು ಸುತ್ತುವಾಗ ಮಣಿಕಟ್ಟು ಎಷ್ಟು ತಿರುಗಬೇಕು, ಇವರ ಕೈ ಎಷ್ಟು ತಿರುಗುತ್ತದೆ ಎಂದು ಕೇಳಿದೆ. ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡು, "ಆ ಕೆಲಸ ಇನ್ನು ಆಗುವುದಿಲ್ಲ" ಎಂದರು. ಆ ಒಂದು ವಾಕ್ಯ ದಾಖಲಾದ ಮೇಲೆ ಕೇಸಿನ ರೂಪವೇ ಬದಲಾಯಿತು.

ಸಾಬೀತಿನ ಮಟ್ಟ ಇಲ್ಲಿ ಕ್ರಿಮಿನಲ್‌ನಷ್ಟು ಕಠಿಣವಲ್ಲ, ಯಾವುದು ನಡೆದಿರುವ ಸಂಭವ ಜಾಸ್ತಿ ಎಂದು ತೋರಿಸಿದರೆ ಸಾಕು. ತಾರೀಖುಗಳು ಮೊದಲೇ ಗೊತ್ತಿರುತ್ತವೆ, ರಾತ್ರಿ ಫೋನು ಬರುವುದಿಲ್ಲ. ತೊಂದರೆ ಏನೆಂದರೆ ಕಾಯಬೇಕು. ತೀರ್ಪಿಗೆ ವರ್ಷಗಳು, ಇನ್ಶೂರೆನ್ಸ್ ಕಂಪನಿ ಹೈಕೋರ್ಟಿಗೆ ಹೋದರೆ ಇನ್ನಷ್ಟು. ಮೊದಲ ಎರಡು ವರ್ಷ ಕೈಗೆ ಬರುವುದು ಬಹಳ ಕಡಿಮೆ. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿದರೆ ಬೇಗ ಆಗುತ್ತದೆ, ಆದರೆ ನಿಮ್ಮ ಬಾಡಿಗೆಯ ಅವಸರಕ್ಕೆ ಅವರ ಕೇಸು ಕಡಿಮೆಗೆ ಮುಗಿಸುವ ಆಸೆ ಹುಟ್ಟುವುದೂ ಅಲ್ಲೇ. ಮನೆಯ ಸ್ಥಿತಿ ಮೊದಲು ನೋಡಿಕೊಳ್ಳಿ ಎಂದದ್ದು ಈ ಕಾರಣಕ್ಕೆ.

ಇನ್ನೊಂದು ಎಚ್ಚರ. 2022ರ ಏಪ್ರಿಲ್‌ನಿಂದ ಅರ್ಜಿ ಹಾಕಲು ಅಪಘಾತದ ದಿನದಿಂದ 6 ತಿಂಗಳ ಮಿತಿ ಬಂದಿದೆ. ಆ ಮಿತಿ ಸರಿಯೇ ಎನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ, ಆದರೂ ನೀವು ಮಾತ್ರ 6 ತಿಂಗಳೇ ಕೊನೆ ಎಂದು ನಡೆಯಿರಿ. ನಮ್ಮ ಜನ ಶವ ಊರಿಗೆ ಒಯ್ದು, ಕಾರ್ಯ ಮುಗಿಸಿ, ವಾಪಸ್ ಬರುವಾಗಲೇ ಎರಡು ತಿಂಗಳು ಹೋಗಿರುತ್ತದೆ. ಕುಟುಂಬ ಊರಲ್ಲೇ ಉಳಿದರೆ ಅರ್ಜಿಯನ್ನು ಅಲ್ಲಿಯೂ ಹಾಕಬಹುದು. ಅದನ್ನು ಅವರಿಗೆ ಹೇಳಿ, ಕೇಸು ನಿಮ್ಮ ಕೈ ತಪ್ಪಿದರೂ ಚಿಂತೆಯಿಲ್ಲ.

ಮುಂಬೈಯಲ್ಲಿ ಕ್ಲೇಮ್ ಎಂದರೆ ರೈಲೂ ಬರುತ್ತದೆ. ಲೋಕಲ್‌ನಿಂದ ಬಿದ್ದು ಸತ್ತರೆ ರೈಲ್ವೆ ಕಾಯಿದೆಯ ಸೆಕ್ಷನ್ 124ಎ ಪ್ರಕಾರ ಯಾರ ತಪ್ಪು ಎಂದು ಕೇಳದೆ 8 ಲಕ್ಷ. ಅರ್ಜಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಒಂದು ವರ್ಷದೊಳಗೆ. ಜಗಳ ಇರುವುದು ಎರಡೇ ಕಡೆ: ಬಿದ್ದದ್ದಾ, ಹಳಿ ದಾಟುವಾಗ ಹೊಡೆದದ್ದಾ, ಮತ್ತೆ ಟಿಕೆಟ್ ಇತ್ತಾ. ಶವದ ಹತ್ತಿರ ಟಿಕೆಟ್ ಸಿಗಲಿಲ್ಲ ಎಂದ ಮಾತ್ರಕ್ಕೆ ಕೇಸು ಬೀಳುವುದಿಲ್ಲ ಎಂದು 2018ರ ರೀನಾ ದೇವಿ ತೀರ್ಪು ಹೇಳುತ್ತದೆ. ಮೊತ್ತ ನಿಗದಿಯಾದ್ದರಿಂದ ವಾದಕ್ಕೆ ಜಾಗ ಕಡಿಮೆ, ಆದರೆ ಹೊಸಬರಿಗೆ ಕೈ ಪಳಗಲು ಒಳ್ಳೆಯ ಜಾಗ.

ಇನ್ಶೂರೆನ್ಸ್ ಪ್ಯಾನೆಲ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಯಾನೆಲ್ ಎಂದರೆ ಕಂಪನಿ ತನ್ನ ಕೇಸುಗಳಿಗೆ ಇಟ್ಟುಕೊಳ್ಳುವ ವಕೀಲರ ಪಟ್ಟಿ. ಕಂಪನಿಯ ಪರ ನಿಂತರೆ ಫೈಲುಗಳು ಸಾಲಾಗಿ ಬರುತ್ತವೆ, ಕೇಸಿಗೆ ಇಷ್ಟು ಎಂದು ಬಿಲ್ಲು ಆಗುತ್ತದೆ. ಸುಳ್ಳು ಕ್ಲೇಮ್‌ಗಳೂ ಇರುತ್ತವೆ, ಅವನ್ನು ಹಿಡಿಯುವುದು ಸಣ್ಣ ಕೆಲಸವಲ್ಲ. ಆದರೆ ಹೊಸಬರಿಗೆ ಪ್ಯಾನೆಲ್ ಸಿಗುವುದು ಕಷ್ಟ, ಪ್ಯಾನೆಲ್‌ನಲ್ಲಿರುವ ಸೀನಿಯರ್ ಹತ್ತಿರ ಸೇರುವುದೇ ದಾರಿ. ಸಂಸಾರ ಇದೆ, ತಿಂಗಳು ತಿಂಗಳು ಏನಾದರೂ ಬರಲೇಬೇಕು ಎನ್ನುವವರು ಇದನ್ನು ಯೋಚಿಸಬಹುದು.

ಕ್ರಿಮಿನಲ್ ಡಿಫೆನ್ಸ್

ಇಲ್ಲಿ ದುಡ್ಡು ಬೇಗ ಓಡಾಡುತ್ತದೆ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು, ಆದ್ದರಿಂದ ಮನೆಯವರು ಇವತ್ತೇ ವಕೀಲರನ್ನು ಹುಡುಕುತ್ತಾರೆ. ಬಂದ ದಿನವೇ ಫೀಸಿನ ಮಾತು. ಆದರೆ ಜಾಮೀನು ಸಿಕ್ಕಿದ ಮರುದಿನದಿಂದ ಅದೇ ಮನೆಯವರು ಫೋನ್ ಎತ್ತುವುದಿಲ್ಲ, ಕೇಸಿನ ವಿಚಾರಣೆಗೆ ಐದಾರು ವರ್ಷ ನೀವು ಫೀಸಿಲ್ಲದೆ ನಿಲ್ಲಬೇಕಾಗುತ್ತದೆ. ಹಾಗಾಗಿ ಜಾಮೀನಿಗೆ ಇಷ್ಟು, ವಿಚಾರಣೆಗೆ ಇಷ್ಟು ಎಂದು ಬೇರೆ ಬೇರೆಯಾಗಿ ಮೊದಲೇ ಹೇಳಿ.

ಸಮಯ ನಿಮ್ಮದಲ್ಲ. ರಾತ್ರಿ ಎರಡು ಗಂಟೆಗೆ ಫೋನ್, ಭಾನುವಾರ ಹಾಲಿಡೇ ಕೋರ್ಟ್. ಬೆಳಗ್ಗೆ ಸಿಎಸ್‌ಎಂಟಿ ಹತ್ತಿರದ ಕಿಲ್ಲಾ ಕೋರ್ಟಿನಲ್ಲಿ ರಿಮಾಂಡ್ (ಆರೋಪಿಯನ್ನು ಕಸ್ಟಡಿಗೆ ಕೊಡಬೇಕಾ ಎನ್ನುವ ವಿಚಾರಣೆ), ಮಧ್ಯಾಹ್ನ ಫೋರ್ಟಿನ ಸೆಷನ್ಸ್‌ನಲ್ಲೋ ದಿಂಡೋಶಿಯಲ್ಲೋ ಜಾಮೀನು ಅರ್ಜಿ, ಸಂಜೆ ಆರ್ಥರ್ ರೋಡ್ ಜೈಲಿಗೆ ವಕಾಲತ್ತುನಾಮೆಯ ಸಹಿಗೆ. 2024ರ ಜುಲೈ 1ರಿಂದ ಕಾಯಿದೆಗಳೂ ಹೊಸವು, ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಕೇಸಿಗೆ ಹಳೆಯ ಸೆಕ್ಷನ್, ಹೊಸದಕ್ಕೆ ಹೊಸದು, ಎರಡೂ ಬಾಯಲ್ಲಿರಬೇಕು. ಒಂದು ರೀತಿಯಲ್ಲಿ ಇದು ಹೊಸಬರಿಗೆ ಅನುಕೂಲ. ಮೂವತ್ತು ವರ್ಷ ಹಳೆಯ ನಂಬರುಗಳಲ್ಲೇ ಯೋಚಿಸಿದ ಸೀನಿಯರ್‌ಗಳಿಗಿಂತ ನೀವು ಬೇಗ ಕಲಿಯುತ್ತೀರಿ.

ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ಕೆಲಸ ಇದೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದ ಹುಡುಗರು ಸಣ್ಣ ಹೊಡೆದಾಟಕ್ಕೋ ಕಳ್ಳತನದ ಆರೋಪಕ್ಕೋ ಒಳಗೆ ಬೀಳುತ್ತಾರೆ. ಕೈಯಲ್ಲಿ ಮರಾಠಿಯ ಒಂದು ಹಾಳೆ, ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ, ಕೆಳಗೆ ಹೆಬ್ಬೆಟ್ಟು. 2025ರ ನವೆಂಬರ್‌ನಲ್ಲಿ, ಮುಂಬೈಯ ವರ್ಲಿಯ ಒಂದು ಅಪಘಾತದ ಕೇಸಿನಿಂದ ಹೋದ ಅರ್ಜಿಯಲ್ಲೇ, ಸುಪ್ರೀಂ ಕೋರ್ಟ್ ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದಿತು. ಈ ಮಾತನ್ನು ಆ ಹುಡುಗರ ಪರವಾಗಿ ಕೋರ್ಟಿನಲ್ಲಿ ಎತ್ತಲು, ಅವನಿಗೆ ಏನು ಅರ್ಥವಾಗಿತ್ತು ಎಂದು ಅವನ ಭಾಷೆಯಲ್ಲೇ ಕೇಳಬಲ್ಲವರು ಬೇಕು. ಜಾಮೀನು ಆದ ಮೇಲೂ ಅವರು ಹೊರಗೆ ಬರುವುದಿಲ್ಲ, ಜಾಮೀನುದಾರ ನಿಲ್ಲಲು ಈ ಊರಲ್ಲಿ ಯಾರೂ ಇಲ್ಲ. ಒಂದು ತಿಂಗಳಲ್ಲಿ ಹೊರಬರಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ಯೋಚಿಸಬೇಕು ಎಂದು 2023ರ ಜನವರಿಯ ಸುಪ್ರೀಂ ಕೋರ್ಟ್ ಸೂಚನೆ ಇದೆ. ಆ ಅರ್ಜಿ ಬರೆಯುವುದನ್ನು ಮೊದಲ ವರ್ಷವೇ ಕಲಿಯಿರಿ. ಫೀಸು ಹೆಚ್ಚು ಸಿಗದು, ಆದರೆ ಅವನು ಹೊರಗೆ ಬರುತ್ತಾನೆ.

ಪಾಟೀಸವಾಲು, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು, ಕಲಿಯಬೇಕೆಂದರೆ ಕ್ರಿಮಿನಲ್‌ಗೆ ಸಮ ಇನ್ನೊಂದಿಲ್ಲ. ನನ್ನ ಸೀನಿಯರ್ ಒಂದು ಗಾಂಜಾ ಕೇಸಿನಲ್ಲಿ ಪಂಚ ಸಾಕ್ಷಿಯನ್ನು, ಅಂದರೆ ಪಂಚನಾಮೆಗೆ ಸಹಿ ಹಾಕಿದವನನ್ನು, ಕೇಳಿದ್ದು ಬರೀ ಆರು ಪ್ರಶ್ನೆ. ಪಂಚನಾಮೆ ರಾತ್ರಿ 9.15ಕ್ಕೆ ಶುರು ಎಂದಿತ್ತು. ನಿಮ್ಮ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ? ಹತ್ತಕ್ಕೆ. ಆ ದಿನ? ಆ ದಿನವೂ ಹತ್ತಕ್ಕೆ. ಬೇರೆ ಯಾರಾದರೂ ಕೂರುತ್ತಾರಾ? ಇಲ್ಲ, ನಾನೊಬ್ಬನೇ. ಬೀಗ ಹಾಕಿ ಹೋದಿರಾ? ಹೌದು. ಪೊಲೀಸರು ಕರೆದದ್ದು ಬೀಗ ಹಾಕಿದ ಮೇಲಾ? ಹೌದು. ಪಂಚನಾಮೆಯ ಸಹಿ ನಿಮ್ಮದೇ ತಾನೆ? ಹೌದು. ಅಷ್ಟಕ್ಕೆ ಕೂತುಬಿಟ್ಟರು. ಹಾಗಿದ್ದರೆ 9.15ಕ್ಕೆ ಅಲ್ಲಿ ಹೇಗಿದ್ದಿರಿ ಎಂಬ ಏಳನೆಯ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೆ ಸಾಕ್ಷಿ ಏನಾದರೂ ಸಮಜಾಯಿಷಿ ಕೊಡುತ್ತಿದ್ದ. ಆ ಆರು ಪ್ರಶ್ನೆಗೆ ಅವರು ಮೂರು ರಾತ್ರಿ ಕೂತಿದ್ದರು, ನಾನು ಪಕ್ಕದಲ್ಲಿದ್ದೆ.

ಮನಸ್ಸಿನ ಗಟ್ಟಿತನದ ಮಾತು ಈಗ. "ತಪ್ಪು ಮಾಡಿದವನ ಪರ ಹೇಗೆ ನಿಲ್ಲುತ್ತೀಯಾ?" ಎಂದು ಊರಿನ ಜಾತ್ರೆಯಲ್ಲೂ ಕೇಳುತ್ತಾರೆ, ನಮ್ಮ ಅಮ್ಮನೂ ಕೇಳಿದ್ದರು. ಆರೋಪ ಸಾಬೀತು ಮಾಡುವುದು ಸರಕಾರದ ಕೆಲಸ, ಅದನ್ನು ಸರಿಯಾಗಿ ಮಾಡಿದೆಯಾ ಎಂದು ಪರೀಕ್ಷಿಸುವುದು ನಮ್ಮ ಕೆಲಸ ಎಂದು ನಾನು ಹೇಳಿದೆ. ಯಾವ ಆರೋಪಿಯ ಪರವಾಗಿಯೂ ನಿಲ್ಲಬಾರದೆಂದು ವಕೀಲರ ಸಂಘ ಠರಾವು ಮಾಡುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೆ ತೀರ್ಪು ಓದಿ ಮನಸ್ಸು ಒಪ್ಪುವುದಿಲ್ಲ. ನೊಂದವರು ಎದುರು ಬೆಂಚಿನಲ್ಲಿ ಕೂತು ನಿಮ್ಮನ್ನೇ ನೋಡುತ್ತಿರುವಾಗ ಸಾಕ್ಷಿಯನ್ನು ಪ್ರಶ್ನಿಸಲು ಆಗುತ್ತದಾ? ಅದನ್ನು ಕೋರ್ಟಿಗೆ ಬಂದು ಕೂತೇ ತಿಳಿಯಬೇಕು. ಆಗದಿದ್ದರೆ ಅದರಲ್ಲಿ ಕೊರತೆ ಏನಿಲ್ಲ, ಕ್ಲೇಮ್ ಕಡೆ ಬನ್ನಿ.

ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಎಂಬ ಇನ್ನೊಂದು ದಾರಿ ಇದೆ. 2022ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ವಕೀಲರು ತಿಂಗಳ ಸಂಬಳಕ್ಕೆ ಪೂರ್ತಿ ಸಮಯ ಬಡ ಆರೋಪಿಗಳ ಕೇಸು ನಡೆಸುತ್ತಾರೆ. ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ಸೀನಿಯರ್ ಹತ್ತಿರ ಫೈಲು ಹೊರುವ ವಯಸ್ಸಿನಲ್ಲಿ ನೀವೇ ನಿಂತು ಸಾಕ್ಷಿ ಕೇಳುತ್ತೀರಿ. ಕಕ್ಷಿದಾರರನ್ನು ಹುಡುಕುವ ಚಿಂತೆ ಇಲ್ಲ, ಫೀಸಿನ ಚೌಕಾಸಿ ಇಲ್ಲ. ಆದರೆ ಕಾಯಂ ಅಲ್ಲ, ಹೊರಬಂದ ದಿನ ಸ್ವಂತ ಕಕ್ಷಿದಾರರು ಯಾರೂ ಇರುವುದಿಲ್ಲ.

ಎರಡನ್ನೂ ಮಾಡಿದರೆ

ಮಾಡಬಹುದು, ಮತ್ತು ಎರಡೂ ಒಂದಕ್ಕೊಂದು ಕಲಿಸುತ್ತವೆ. ಒಂದೇ ಅಪಘಾತ ಎರಡು ಕೋರ್ಟಿಗೆ ಹೋಗುತ್ತದೆ. ಟ್ರಿಬ್ಯೂನಲ್‌ನಲ್ಲಿ ಕುಟುಂಬದ ಅರ್ಜಿ, ಮ್ಯಾಜಿಸ್ಟ್ರೇಟ್ ಮುಂದೆ ಡ್ರೈವರ್ ಮೇಲೆ ನ್ಯಾಯ ಸಂಹಿತೆಯ 106(1), ಅದಕ್ಕೆ 5 ವರ್ಷದವರೆಗೆ ಶಿಕ್ಷೆ. ಕುಡಿದು ಓಡಿಸಿದ್ದರೆ ಇನ್ನೂ ಭಾರದ ಸೆಕ್ಷನ್ ಹಾಕಬಹುದು. 2006ರಲ್ಲಿ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಮಂದಿ ಸತ್ತ ಕೇಸಿನಲ್ಲಿ ಜಗಳ ನಡೆದದ್ದೇ ಇದರ ಮೇಲೆ, ಬರೀ ಅಜಾಗರೂಕತೆಯಾ ಅದಕ್ಕಿಂತ ಹೆಚ್ಚಿನದಾ ಎಂದು. ಹೆಚ್ಚಿನದೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಿತು. ಡ್ರೈವರ್ ಖುಲಾಸೆಯಾದರೂ ಕುಟುಂಬದ ಪರಿಹಾರ ಅಷ್ಟಕ್ಕೇ ಬೀಳುವುದಿಲ್ಲ, ಸಾಬೀತಿನ ಮಟ್ಟ ಬೇರೆ. ಇದೆಲ್ಲ ಎರಡೂ ಕಡೆ ನಿಂತವರಿಗೆ ಬೇಗ ಹತ್ತುತ್ತದೆ. ಒಂದು ಮಾತು ಮರೆಯಬೇಡಿ, ಒಂದೇ ಅಪಘಾತದಲ್ಲಿ ಡ್ರೈವರ್‌ಗೂ ಕುಟುಂಬಕ್ಕೂ ನೀವೇ ವಕೀಲರಾಗುವ ಹಾಗಿಲ್ಲ.

ಆದರೆ ಮೊದಲ ವರ್ಷವೇ ಎರಡಕ್ಕೂ ಕೈ ಹಾಕಬೇಡಿ. ಒಂದೇ ದಿನ ಕುರ್ಲಾದಲ್ಲಿ ರಿಮಾಂಡ್, ಠಾಣೆಯಲ್ಲಿ ಕ್ಲೇಮ್ ಸಾಕ್ಷಿ ಬಿದ್ದರೆ ಯಾವುದೋ ಒಂದು ಕಡೆ ಕೇಸು ಮುಂದಕ್ಕೆ ಹಾಕಿ ಎಂದು ಕೇಳಬೇಕಾಗುತ್ತದೆ, ಅದರ ನೋವು ಅನುಭವಿಸುವವರು ಕಕ್ಷಿದಾರರು.

ಇಬ್ಬರಿಗೆ ನಾನು ಹೇಳಿದ್ದು

ಹೋಟೆಲಿನ ಹುಡುಗನಿಗೆ ಸಂಜೆಯ ಪಗಾರ ಬಿಡಲು ಆಗದು, ಊರಲ್ಲಿ ಸಾಲ ಇದೆ. ಅವನಿಗೆ ಕ್ಲೇಮ್ ಎಂದೆ. ಹಗಲು ಟ್ರಿಬ್ಯೂನಲ್, ಸಂಜೆ ಕೌಂಟರ್. ಹೋಟೆಲಿನ ಪಗಾರದ ಪುಸ್ತಕ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ. ಮೂರು ವರ್ಷದಲ್ಲಿ ಕೈ ಕೂತ ಮೇಲೆ ಬೇಕಾದರೆ ಕ್ರಿಮಿನಲ್ ನೋಡಲಿ.

ಮುಲುಂಡಿನ ಹುಡುಗಿಯ ಅಪ್ಪ ಅಮ್ಮ ಇಲ್ಲೇ ಇದ್ದಾರೆ, ಮನೆ ಸ್ವಂತದ್ದು, ಎರಡು ಮೂರು ವರ್ಷ ಕಾಯಬಹುದು. ಶಾಲೆಯಲ್ಲಿ ಕಲಿತ ಮರಾಠಿ, ಕೈಬರಹ ಸರಾಗ ಓದುತ್ತಾಳೆ. ಅವಳಿಗೆ ಕ್ರಿಮಿನಲ್ ಎಂದೆ. "ರಾತ್ರಿ ಪೊಲೀಸ್ ಸ್ಟೇಷನ್‌ಗೆ ಹೋಗಬೇಕಾಗುತ್ತಾ ಅಣ್ಣಾ?" ಎಂದು ಕೇಳಿದಳು. ಕೆಲವೊಮ್ಮೆ ಹೌದು. ಒಬ್ಬಳೇ ಹೋಗಬೇಡ, ಸೀನಿಯರ್ ಆರಿಸುವಾಗಲೇ ಇದನ್ನು ಬಾಯಿಬಿಟ್ಟು ಕೇಳು, ತಪ್ಪಿಸಿ ಮಾತಾಡಿದರೆ ಆ ಚೇಂಬರ್ ಬೇಡ ಎಂದೆ. ಭಾಯಖಳಾದ ಹೆಂಗಸರ ಜೈಲಿನಲ್ಲಿ ಹೆಂಗಸು ವಕೀಲರ ಹತ್ತಿರ ಮಾತ್ರ ಬಾಯಿ ಬಿಡುವ ಆರೋಪಿಗಳಿದ್ದಾರೆ, ಅದನ್ನೂ ಹೇಳಿದೆ.

ಅವಳು ಇನ್ನೂ ನಿರ್ಧಾರ ಮಾಡಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಕಿಲ್ಲಾ ಕೋರ್ಟಿಗೆ ಬರುತ್ತೇನೆ, ಒಂದು ವಾರ ಹಿಂದಿನ ಬೆಂಚಿನಲ್ಲಿ ಕೂತು ರಿಮಾಂಡ್ ನೋಡುತ್ತೇನೆ, ಅದರ ಮುಂದಿನ ವಾರ ಟ್ರಿಬ್ಯೂನಲ್‌ನಲ್ಲಿ ಕೂರುತ್ತೇನೆ ಎಂದಿದ್ದಾಳೆ. ನೀವೂ ಬರುವುದಾದರೆ ಒಂದು ನೋಟ್‌ಬುಕ್ ತನ್ನಿ, ಮಧ್ಯಾಹ್ನದ ಡಬ್ಬಿಯನ್ನೂ ತನ್ನಿ. ರಿಮಾಂಡ್ ಯಾವಾಗ ಕರೆಯುತ್ತಾರೆ ಎಂದು ಹೇಳಲಾಗುವುದಿಲ್ಲ.